ಹಳ್ಳ ದೊಡ್ಡದು, ಬಿಡಿ

ನಮಸ್ಕಾರ. ಹೊರಗೆ ಮಳೆ ಜೋರಾಗಿದೆ. ಹಂಚಿನ ಸದ್ದು ಮೈಕಿಗೂ ಬರುತ್ತಿರಬಹುದು, ಸ್ವಲ್ಪ ಸಹಿಸಿಕೊಳ್ಳಿ.

ನಾನು ಚಿಕ್ಕವನಿದ್ದಾಗ, ತೀರ್ಥಹಳ್ಳಿ ಕಡೆಯ ನಮ್ಮ ತೋಟದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುತ್ತಿದ್ದರು. ಮೈಲುತುತ್ತ ಕರಗಿಸಿದ ನೀರು ಒಂದು ಕೊಡದಷ್ಟು ಉಳಿಯಿತು. ಯಾರೋ ಅದನ್ನು ಹಳ್ಳಕ್ಕೆ ಚೆಲ್ಲಿದರು. ಸಂಜೆ ನೋಡಿದರೆ, ಸಂಕದ, ಅಂದರೆ ಕಾಲುಸೇತುವೆಯ, ಕೆಳಗೆ ಸಣ್ಣ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅಪ್ಪ ಕೇಳಿದ್ದಕ್ಕೆ ಬಂದ ಉತ್ತರ: "ಬಿಡಿ ಗೌಡ್ರೇ, ಹಳ್ಳ ದೊಡ್ಡದು. ಒಂದು ಕೊಡ ಯಾವ ಲೆಕ್ಕ?"

2010ರಲ್ಲಿ ಹೆಚ್ಚುಕಡಿಮೆ ಇದೇ ಮಾತನ್ನು ಬಿಪಿ ಎಣ್ಣೆ ಕಂಪನಿಯ ಸಿಇಒ ಟೋನಿ ಹೇವರ್ಡ್ ಹೇಳಿದರು. ಆ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯಲ್ಲಿ ಬಿಪಿಗಾಗಿ ಎಣ್ಣೆ ಬಾವಿ ಕೊರೆಯುತ್ತಿದ್ದ ಡೀಪ್‌ವಾಟರ್ ಹೊರೈಜನ್ ಅನ್ನುವ ರಿಗ್ ಸ್ಫೋಟಿಸಿ 11 ಕೆಲಸಗಾರರು ಸತ್ತಿದ್ದರು. ಸಮುದ್ರದ ತಳದ ಬಾವಿ 87 ದಿನ ಎಣ್ಣೆ ಕಕ್ಕಿತು. ಕೊಲ್ಲಿ ತುಂಬಾ ದೊಡ್ಡದು, ಅಷ್ಟು ನೀರಿನ ಮುಂದೆ ಈ ಎಣ್ಣೆ ಏನೇನೂ ಅಲ್ಲ ಅಂತ ಅವರ ವಾದ. ಕೊಲ್ಲಿ ದೊಡ್ಡದು, ಸುಳ್ಳಲ್ಲ. ಆದರೆ ಎಣ್ಣೆ ಇಡೀ ಕೊಲ್ಲಿಗೆ ಸಮನಾಗಿ ಹಂಚಿಹೋಗುವುದಿಲ್ಲವಲ್ಲ! ಅದು ಹೋಗಿ ಮೆತ್ತಿಕೊಂಡದ್ದು ಅಮೆರಿಕದ ಲೂಸಿಯಾನಾ ರಾಜ್ಯದ ಜೌಗಿನ ಹುಲ್ಲಿಗೆ, ಪೆಲಿಕನ್ ಹಕ್ಕಿಯ ರೆಕ್ಕೆಗೆ. ನಮ್ಮ ಮೀನು ಸತ್ತದ್ದೂ ಇಡೀ ಹಳ್ಳದಲ್ಲಲ್ಲ, ಸಂಕದ ಕೆಳಗೆ.

ಜೂನ್‌ನಲ್ಲಿ ಬಿಪಿಯ ಟಿವಿ ಜಾಹೀರಾತು ಶುರುವಾಯಿತು. ಬಾವಿ ಇನ್ನೂ ಮುಚ್ಚಿರಲಿಲ್ಲ ನೋಡಿ. ಹೇವರ್ಡ್ ಕ್ಷಮೆ ಕೇಳಿದರು, ಸ್ವಚ್ಛ ಮಾಡುವ ಪೂರ್ತಿ ಜವಾಬ್ದಾರಿ ನಮ್ಮದು ಅಂದರು. ಇನ್ನೊಂದು ಸಲ ಕೇಳಿಸಿಕೊಳ್ಳಿ. ಸ್ವಚ್ಛ ಮಾಡುವ ಜವಾಬ್ದಾರಿ. ಚೆಲ್ಲಿದ್ದು ಯಾಕೆ, ಯಾರ ತಪ್ಪಿನಿಂದ? ಆ ಮಾತೇ ಇಲ್ಲ. ಕೊಟ್ಟಿಗೆಗೆ ಬೆಂಕಿ ಬೀಳಿಸಿದವನು "ಬೂದಿ ನಾನೇ ಗುಡಿಸುತ್ತೇನೆ" ಅಂದ ಹಾಗೆ. ಕೇಳಿದ ಪ್ರಶ್ನೆಯನ್ನು ಮೆಲ್ಲಗೆ ಪಕ್ಕಕ್ಕಿಟ್ಟು, ಕೇಳದೇ ಇದ್ದ ಪ್ರಶ್ನೆಗೆ ಚಂದದ ಉತ್ತರ ಕೊಡುವುದು. ಇದು ಎಷ್ಟು ನಯವಾಗಿರುತ್ತೆ ಅಂದರೆ, ನಾನೂ ಮೊದಲ ಸಲ ನೋಡಿದಾಗ "ಪರವಾಗಿಲ್ಲ, ಒಪ್ಪಿಕೊಂಡರಲ್ಲ" ಅಂದುಕೊಂಡಿದ್ದೆ.

ಆಮೇಲಿನ ಜಾಹೀರಾತುಗಳಲ್ಲಿ ಲೂಸಿಯಾನಾದಲ್ಲೇ ಹುಟ್ಟಿದ ನೌಕರರು ಬಂದು ಮಾತಾಡಿದರು. ಅವರ ನೋವು ನಿಜವೇ ಇರಬಹುದು, ಪಾಪ. ಆದರೆ ಊರಿನವರ ಮುಖ ಕಂಡ ಮೇಲೆ ಬೈಯಲು ಬಾಯಿ ಬರಲ್ಲ, ಅಲ್ವಾ? ಕಂಪನಿಗೆ ಬೇಕಿದ್ದೂ ಅದೇ.

ಏಪ್ರಿಲ್‌ನಿಂದ ಜುಲೈವರೆಗೆ ಜಾಹೀರಾತಿಗೇ 9 ಕೋಟಿ ಡಾಲರ್‌ಗಿಂತ ಜಾಸ್ತಿ ಸುರಿದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅನ್ನುತ್ತಾರೆ ನಮ್ಮ ಕಡೆ. ಇವರು ಆನೆ ಹಿಂಡನ್ನೇ ಕಳಿಸಿದರು.

2012ರಲ್ಲಿ ಬಿಪಿ ಅಮೆರಿಕದಲ್ಲಿ ತಪ್ಪೊಪ್ಪಿಕೊಂಡಿತು. 11 ಸಾವುಗಳ ಜೊತೆ ಇನ್ನೊಂದು ಆರೋಪವೂ ಅದರಲ್ಲಿತ್ತು: ಎಷ್ಟು ಎಣ್ಣೆ ಸೋರುತ್ತಿದೆ ಅನ್ನುವ ಬಗ್ಗೆ ಅಲ್ಲಿನ ಸಂಸತ್ತಿನ ದಾರಿ ತಪ್ಪಿಸಿದ್ದು. ಮೊದಮೊದಲು ದಿನಕ್ಕೆ 5,000 ಬ್ಯಾರೆಲ್ ಅನ್ನುತ್ತಿದ್ದರು. ಸರ್ಕಾರಿ ವಿಜ್ಞಾನಿಗಳ ಅಂದಾಜು ಕೊನೆಗೆ 50,000 ದಾಟಿತು. ಅಂದರೆ "ಕೊಲ್ಲಿ ದೊಡ್ಡದು" ಅಂದ ದಿನ, ಕೊಡ ಎಷ್ಟು ದೊಡ್ಡದು ಅನ್ನುವುದನ್ನೂ ಅವರು ಸರಿಯಾಗಿ ಹೇಳಿರಲಿಲ್ಲ.