ಹೊಸ ಬ್ಯಾಟರಿಯ ವಯಸ್ಸೆಷ್ಟು?

ಕೇಳುಗರಿಗೆ ನಮಸ್ಕಾರ.

ನನ್ನ ಕಾರಿನ ಬ್ಯಾಟರಿ ಹದಿನಾಲ್ಕನೇ ತಿಂಗಳಿಗೇ ಕೈಕೊಟ್ಟಿತು. ಬೆಳಿಗ್ಗೆ ಅವಸರದಲ್ಲಿ ಕೂತು ಕೀ ತಿರುಗಿಸಿದೆ. ಮೀಟರಿನ ದೀಪಗಳು ಮಂಕಾದವು. ಬಾನೆಟ್ ಒಳಗಿಂದ ಟಕ್ ಟಕ್ ಟಕ್ ಅಂತ ಸದ್ದು ಬಂತು. ಅಷ್ಟೇ. ಇನ್ನೊಂದು ಸಲ ಸೆಲ್ಫ್ ಹೊಡೆದೆ, ಆ ಟಕ್ ಟಕ್ ಕೂಡ ನಿಂತಿತು.

ಬಂದ ಎಲೆಕ್ಟ್ರಿಷಿಯನ್ ಹೆಚ್ಚು ಮಾತಿನವನಲ್ಲ. ಬಾನೆಟ್ ಎತ್ತಿದ, ಮೀಟರ್ ಹಿಡಿದ, ತಲೆ ಅಲ್ಲಾಡಿಸಿದ. ಆಮೇಲೆ ಬ್ಯಾಟರಿಯ ಪಕ್ಕದ ಧೂಳನ್ನು ಬಟ್ಟೆಯಿಂದ ಒರೆಸಿ, ಬಗ್ಗಿ ಏನೋ ಓದಿದ. "ಇದನ್ನ ಯಾವಾಗ ತಗೊಂಡ್ರಿ ಸಾರ್?" ಅಂದ. ಹೋದ ವರ್ಷ ಅಂದೆ. "ನೀವು ತಗೊಳ್ಳೋ ಹೊತ್ತಿಗೇ ಇದಕ್ಕೆ ವರ್ಷ ತುಂಬಿತ್ತು ಬಿಡಿ" ಅಂದ.

ನನಗೆ ಅರ್ಥವಾಗಲಿಲ್ಲ. ಡಬ್ಬಿ ಒಡೆದು, ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ, ನನ್ನ ಕಣ್ಣೆದುರೇ ಹಾಕಿಕೊಟ್ಟಿದ್ದರಲ್ಲ. ಹೊಸದೇ ತಾನೇ? ಹೊಸದೇ. ಯಾರೂ ಬಳಸಿರಲಿಲ್ಲ. ಆದರೆ ಬಳಸದೆ ಇಟ್ಟರೂ ಬ್ಯಾಟರಿಗೆ ವಯಸ್ಸಾಗುತ್ತದೆ. ಕಪಾಟಿನಲ್ಲಿಟ್ಟ ಸ್ಪ್ಯಾನರಿಗೆ ಹತ್ತು ವರ್ಷವಾದರೂ ಅದು ಸ್ಪ್ಯಾನರೇ. ಬ್ಯಾಟರಿ ಹಾಗಲ್ಲ. ಅದು ಸುಮ್ನೆ ಕೂತಲ್ಲೇ ಸವೆಯುತ್ತದೆ.

ಯಾಕೆ ಅಂತ ಸ್ವಲ್ಪ ಒಳಗೆ ಇಣುಕಿ ನೋಡೋಣ. ಆ ಕಪ್ಪು ಡಬ್ಬಿಯೊಳಗೆ ಆರು ಕೋಣೆಗಳಿವೆ, ಅವನ್ನೇ ಸೆಲ್ ಅನ್ನುತ್ತಾರೆ. ಒಂದೊಂದು ಸೆಲ್ ಎರಡು ವೋಲ್ಟಿಗಿಂತ ಚೂರು ಜಾಸ್ತಿ ಕೊಡುತ್ತದೆ. ಆರೂ ಸೇರಿದರೆ ನಾವು 12 ವೋಲ್ಟ್ ಅಂತ ಕರೆಯುವ ಬ್ಯಾಟರಿ. ಪ್ರತಿ ಸೆಲ್ಲಿನಲ್ಲಿ ಸೀಸದ ತಟ್ಟೆಗಳು, ಅವು ಮುಳುಗಿರೋದು ನೀರು ಬೆರೆಸಿದ ಗಂಧಕಾಮ್ಲದಲ್ಲಿ. ಗ್ಯಾರೇಜಿನವರು ಅದನ್ನು ಬರೀ ಆಸಿಡ್ ಅನ್ನುತ್ತಾರೆ. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಇದನ್ನು ಮಾಡಿ ತೋರಿಸಿದ್ದು 1859ರಲ್ಲಿ. ಆಗ ಕಾರೇ ಇರಲಿಲ್ಲ! ಕಾರು ಬಂದು, ಕೈಯಲ್ಲಿ ಹ್ಯಾಂಡಲ್ ತಿರುಗಿಸೋದು ತಪ್ಪಿ, 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಎಲೆಕ್ಟ್ರಿಕ್ ಸ್ಟಾರ್ಟರ್ ಬಂದ ಮೇಲೆ ಈ ಸೀಸದ ಡಬ್ಬಿಗೆ ಬಾನೆಟ್ ಕೆಳಗೆ ಖಾಯಂ ಜಾಗ ಸಿಕ್ಕಿತು. ಇವತ್ತಿಗೂ ಒಳಗಿನ ಕೆಲಸ ಅದೇ.

ಬ್ಯಾಟರಿಯಿಂದ ಕರೆಂಟ್ ಹೊರಗೆ ಹೋದಾಗ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಚಾರ್ಜ್ ಮಾಡಿದಾಗ ಅದು ಕರಗಿ ಮತ್ತೆ ಆಸಿಡ್ ಸೇರುತ್ತದೆ. ಹೀಗೆ ಹೋಗಿ ಬರುತ್ತಿದ್ದರೆ ಬ್ಯಾಟರಿ ಚೆನ್ನಾಗಿರುತ್ತದೆ. ಆದರೆ ಚಾರ್ಜ್ ಇಲ್ಲದೆ ತಿಂಗಳುಗಟ್ಟಲೆ ಬಿಟ್ಟರೆ, ಆ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ. ಗಟ್ಟಿಯಾದದ್ದು ಮತ್ತೆ ಪೂರ್ತಿ ಕರಗೋದಿಲ್ಲ. ತಟ್ಟೆಯ ಅಷ್ಟು ಜಾಗ ದಂಡ. ಮೆಕ್ಯಾನಿಕ್‌ಗಳು "ಸಲ್ಫೇಟ್ ಆಗಿದೆ" ಅನ್ನೋದು ಇದಕ್ಕೇ.

ಇನ್ನು ತಂತಿ ಜೋಡಿಸದೆ ಇಟ್ಟ ಬ್ಯಾಟರಿಯಿಂದ ಚಾರ್ಜ್ ಎಲ್ಲಿಗೆ ಹೋಗುತ್ತದೆ? ಎಲ್ಲಿಗೂ ಇಲ್ಲ, ಒಳಗೊಳಗೇ ಸೋರುತ್ತದೆ. ಹಳೇ ಮಾದರಿಯ, ನೀರು ಹಾಕುವ ಬ್ಯಾಟರಿ ಹಿತವಾದ ಹವೆಯಲ್ಲೂ ತಿಂಗಳಿಗೆ ನೂರಕ್ಕೆ 3ರಿಂದ 5ರಷ್ಟು ಕಳೆದುಕೊಳ್ಳುತ್ತದೆ. ಕ್ಯಾಲ್ಸಿಯಂ ಬೆರೆಸಿದ ಸೀಸ ಬಳಸುವ, ಮೆಂಟೆನೆನ್ಸ್ ಫ್ರೀ ಅನ್ನುವ ಬ್ಯಾಟರಿಗಳಲ್ಲಿ ಈ ಸೋರಿಕೆ ಕಮ್ಮಿ. ಆದರೆ ಇಲ್ಲವೇ ಇಲ್ಲ ಅಂತೇನಲ್ಲ. ಸೆಕೆ ಇದ್ದರೆ ಲೆಕ್ಕ ಬೇರೆ. ಸುಮಾರು 10 ಡಿಗ್ರಿ ಬಿಸಿ ಏರಿದರೆ ಸೋರುವ ವೇಗ ದುಪ್ಪಟ್ಟಾಗುತ್ತದೆ. ತಗಡಿನ ಸೂರಿನ ಗೋದಾಮಿನಲ್ಲಿ ಒಂದು ಬೇಸಗೆ ಕಳೆದ ಬ್ಯಾಟರಿಯ ಗತಿ ನೀವೇ ಊಹಿಸಿ.

ಹಾಗಾಗಿ ಅಂಗಡಿಗೆ ಹೋದಾಗ ನಾನು ಈಗ ಮೊದಲು ಕೇಳೋದು ರೇಟಲ್ಲ, ತಾರೀಖು. ಔಷಧಿ ತಗೊಳ್ಳುವಾಗ ಪಟ್ಟಿಯ ಹಿಂದೆ ತಿರುಗಿಸಿ ನೋಡುತ್ತೇವಲ್ಲ, ಹಾಗೆ. ಒಂದೇ ತೊಂದರೆ ಅಂದರೆ, ಬ್ಯಾಟರಿಯ ಮೇಲೆ ಅದನ್ನು ಓದುವಂತೆ ಬರೆದಿರೋದು ಅಪರೂಪ. ಮೇಲ್ಮೈಯಲ್ಲೋ ಪಕ್ಕದಲ್ಲೋ ಪ್ಲಾಸ್ಟಿಕ್ಕಿನ ಮೇಲೇ ಒತ್ತಿದ ಅಕ್ಷರ, ಅಂಕಿ ಇರುತ್ತವೆ. ಕೆಲವರು ತಿಂಗಳು, ವರ್ಷ ನೇರವಾಗಿ ಹಾಕುತ್ತಾರೆ. ಕೆಲವರದ್ದು ಗುಪ್ತ ಲಿಪಿ. ತಿಂಗಳಿಗೆ ಒಂದು ಇಂಗ್ಲಿಷ್ ಅಕ್ಷರ, ವರ್ಷಕ್ಕೆ ಕೊನೆಯ ಅಂಕಿ. ಎ ಅಂದರೆ ಜನವರಿ, ಬಿ ಅಂದರೆ ಫೆಬ್ರವರಿ, ಹಾಗೇ ಮುಂದಕ್ಕೆ. ಸಿ 4 ಅಂತಿದ್ದರೆ ಮಾರ್ಚ್, ವರ್ಷ 4ರಲ್ಲಿ ಮುಗಿಯುವಂಥದ್ದು. ಇನ್ನು ಕೆಲವರು ಉದ್ದನೆ ಸೀರಿಯಲ್ ನಂಬರಿನ ಹೊಟ್ಟೆಯಲ್ಲೆಲ್ಲೋ ಅದನ್ನು ಅಡಗಿಸಿಟ್ಟಿರುತ್ತಾರೆ. ಇದೇನು ಪತ್ತೇದಾರಿ ಕೆಲಸವೋ ಅಂತ ನನಗೂ ಅನ್ನಿಸಿದೆ. ಒಬ್ಬೊಬ್ಬ ತಯಾರಕರದ್ದು ಒಂದೊಂದು ರೀತಿಯಾದ್ದರಿಂದ ಹೊರಡುವ ಮೊದಲೇ ನಿಮಗೆ ಬೇಕಾದ ಬ್ರ್ಯಾಂಡಿನ ಕೋಡ್ ಓದೋದು ಹೇಗೆ ಅಂತ ತಿಳಿದುಕೊಂಡು ಹೋಗಿ. ಇಲ್ಲದಿದ್ದರೆ ಅಂಗಡಿಯವರನ್ನೇ ಕೇಳಿ, ಬೆರಳಿಟ್ಟು ತೋರಿಸಲಿ. ಒಂದು ಎಚ್ಚರಿಕೆ. ಮೇಲೆ ಅಂಟಿಸಿದ ಗುಂಡು ಚೀಟಿಯ ತಾರೀಖು ಕೆಲವು ಸಲ ತಯಾರಾದ ದಿನದ್ದಲ್ಲ, ಕಾರ್ಖಾನೆಯಿಂದ ಹೊರಟ ದಿನದ್ದೋ ಮತ್ತೆ ಚಾರ್ಜ್ ಮಾಡಿದ ದಿನದ್ದೋ ಆಗಿರುತ್ತದೆ. ಒತ್ತಿದ ಕೋಡನ್ನು ನಂಬಿ, ಅಂಟಿಸಿದ ಚೀಟಿಯನ್ನಲ್ಲ.

ಎಷ್ಟು ಹಳೇದಾದರೆ ಬೇಡ ಅನ್ನಬೇಕು? ಮೂರು ತಿಂಗಳ ಒಳಗಿನದಾದರೆ ಕಣ್ಣು ಮುಚ್ಚಿ ತಗೊಳ್ಳಿ. ಆರು ತಿಂಗಳವರೆಗೆ, ಅಂಗಡಿಯವರು ಆಗಾಗ ಚಾರ್ಜಿಗೆ ಹಾಕುತ್ತಿದ್ದರೆ, ಪರವಾಗಿಲ್ಲ. ಅದಕ್ಕೂ ಮೀರಿದ್ದನ್ನು ನಾನು ಮುಟ್ಟೋದಿಲ್ಲ. ಡ್ರೈ ಚಾರ್ಜ್ ಬ್ಯಾಟರಿಗೆ ಮಾತ್ರ ವಿನಾಯಿತಿ. ಅದು ಬರುವಾಗ ಒಳಗೆ ಆಸಿಡ್ ಇರೋದಿಲ್ಲ, ಮಾರುವಾಗ ತುಂಬುತ್ತಾರೆ. ಆಸಿಡ್ ಬಿದ್ದ ದಿನದಿಂದ ಅದರ ವಯಸ್ಸು ಶುರು.

ಇದರಲ್ಲಿ ಅಂಗಡಿಯವರನ್ನು ಕಳ್ಳರು ಅನ್ನೋಕೆ ನನಗೆ ಮನಸ್ಸಿಲ್ಲ. ಜಾಸ್ತಿ ಓಡುವ ಅಳತೆಯ ಬ್ಯಾಟರಿ ಬಂದ ವಾರದಲ್ಲೇ ಖಾಲಿಯಾಗುತ್ತದೆ. ಅಪರೂಪದ ಅಳತೆಯದ್ದು ಗಿರಾಕಿ ಬರೋವರೆಗೂ ಮೂಲೆಯಲ್ಲಿ ಕೂರುತ್ತದೆ. ಹೊಸ ಸರಕು ಮುಂದೆ ಪೇರಿಸಿ, ಹಳೇದು ಹಿಂದೆ ಸರಿದು, ಅದನ್ನು ಎಲ್ಲರೂ ಮರೆತೂ ಬಿಡುತ್ತಾರೆ. ನಿಮ್ಮ ಕಾರು ಕಮ್ಮಿ ಜನರ ಬಳಿ ಇರುವಂಥದ್ದಾದರೆ ಮೂಲೆಯ ಬ್ಯಾಟರಿ ನಿಮಗಾಗಿಯೇ ಕಾಯುತ್ತಿರಬಹುದು! ಅಂಥವರು ಮೊದಲೇ ಫೋನ್ ಮಾಡಿ, ತಾರೀಖು ಕೇಳಿ, ಹೊಸ ಸರಕು ಬರುವವರೆಗೆ ಎರಡು ದಿನ ಕಾದರೂ ನಷ್ಟವಿಲ್ಲ.

ತಾರೀಖು ಆಯಿತು. ಇನ್ನೊಂದು ಪರೀಕ್ಷೆ ವೋಲ್ಟ್ ಅಳೆಯುವ ಮಲ್ಟಿಮೀಟರಿನದು. ಅದು ಅಂಗಡಿಯಲ್ಲಿ ಇದ್ದೇ ಇರುತ್ತದೆ. ಕೆಂಪು ಕಡ್ಡಿ ಪ್ಲಸ್ಸಿಗೆ, ಕಪ್ಪು ಕಡ್ಡಿ ಮೈನಸ್ಸಿಗೆ. ಪೂರ್ತಿ ಚಾರ್ಜ್ ಆಗಿ ಸುಮ್ಮನೆ ಕೂತಿರುವ ಬ್ಯಾಟರಿ 12.6 ವೋಲ್ಟ್ ಅಥವಾ ಅದಕ್ಕಿಂತ ತುಸು ಜಾಸ್ತಿ ತೋರಿಸಬೇಕು. 12.4 ಅಂದರೆ ಮುಕ್ಕಾಲು ಭಾಗ ಇದೆ ಅಂತ. 12.2 ಅಂದರೆ ಅರ್ಧ ಮಾತ್ರ. 12ಕ್ಕೂ ಕೆಳಗೆ ಇದ್ದರೆ ವಾಪಸ್ ಇಟ್ಟು ಬನ್ನಿ. ಸಂಖ್ಯೆಗಳ ನಡುವಿನ ಅಂತರ ಎಷ್ಟು ಸಣ್ಣದು ನೋಡಿ. "12 ವೋಲ್ಟ್ ಬ್ಯಾಟರಿ, 12 ತೋರಿಸ್ತಿದೆಯಲ್ಲ ಸಾರ್" ಅಂದರೆ ಯಾರಾದರೂ ಹೌದಲ್ಲ ಅಂದುಬಿಡುತ್ತಾರೆ. ನಾನೂ ಒಂದು ಕಾಲದಲ್ಲಿ ಅಂದವನೇ. ಇಲ್ಲೂ ಒಂದು ಮಸಲತ್ತಿದೆ. ಈಗಷ್ಟೇ ಚಾರ್ಜರಿನಿಂದ ಬಿಚ್ಚಿದ ಬ್ಯಾಟರಿ 13 ಕೂಡ ತೋರಿಸುತ್ತದೆ. ಅದು ಮೇಲ್ಮೇಲಿನ ಚಾರ್ಜ್, ಕೆಲವು ಗಂಟೆ ಬಿಟ್ಟರೆ ಇಳಿಯುತ್ತದೆ. ಆದ್ದರಿಂದ ವೋಲ್ಟೇಜ್ ಒಂದನ್ನೇ ನೋಡಿ ಮೋಸ ಹೋಗಬೇಡಿ, ತಾರೀಖಿನ ಜತೆ ಸೇರಿಸಿ ನೋಡಿ.

ಕೆಲವು ಬ್ಯಾಟರಿಗಳ ಮೇಲೆ ಹಸಿರು ಕಣ್ಣು ಅಂತ ಒಂದು ಗಾಜಿನಂಥ ಬಿಲ್ಲೆ ಇರುತ್ತದೆ. ಹಸಿರಿದ್ದರೆ ಎಲ್ಲ ಸರಿ ಅಂತ ನಂಬಿಕೆ. ಅದು ನೋಡೋದು ಆರು ಸೆಲ್ಲುಗಳಲ್ಲಿ ಒಂದನ್ನು ಮಾತ್ರ. ಉಳಿದ ಐದರ ಸುದ್ದಿ ಅದಕ್ಕೆ ಗೊತ್ತಿರೋದಿಲ್ಲ. ಟರ್ಮಿನಲ್ ಮೇಲೂ ಒಂದು ಕಣ್ಣಿಡಿ. ಸೀಸ ಮೆತ್ತಗಿನ ಲೋಹ, ಒಂದು ಸಲ ಕ್ಲಾಂಪ್ ಬಿಗಿದರೂ ಗೀರು ಬೀಳುತ್ತದೆ. ಹೊಸ ಬ್ಯಾಟರಿಯ ಟರ್ಮಿನಲ್ ಮೇಲೆ ಗೀರು ಯಾಕಿದೆ ಅಂತ ಕೇಳೋಕೆ ಸಂಕೋಚ ಬೇಡ.

ಅಳತೆಯ ವಿಷಯದಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ಹಳೇದರ ಮೇಲೆ ಎಷ್ಟು ಚಾರ್ಜ್ ಹಿಡಿಯುತ್ತದೆ ಅಂತ ಹೇಳುವ ಆಂಪಿಯರ್ ಅವರ್, ಚಳಿಯಲ್ಲಿ ಎಂಜಿನ್ ಎಬ್ಬಿಸೋಕೆ ಎಷ್ಟು ಕರೆಂಟ್ ಕೊಡುತ್ತದೆ ಅಂತ ಹೇಳುವ ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್, ಈ ಎರಡು ಸಂಖ್ಯೆಗಳಿರುತ್ತವೆ. ಅವನ್ನು ಬರೆದುಕೊಂಡು ಹೋಗಿ, ಅದಕ್ಕಿಂತ ಕಮ್ಮಿಯದ್ದು ತರಬೇಡಿ. ಪ್ಲಸ್ ಎಡಕ್ಕಿದೆಯೋ ಬಲಕ್ಕಿದೆಯೋ ಅಂತಲೂ ನೋಡಿಕೊಳ್ಳಿ. ಉಲ್ಟಾ ತಂದರೆ ತಂತಿ ಎಟಕೋದಿಲ್ಲ. ಸಿಗ್ನಲ್ಲಿನಲ್ಲಿ ತಾನಾಗಿ ಎಂಜಿನ್ ಆಫ್ ಆಗುವ ಕಾರಾದರೆ ಅದಕ್ಕೆಂದೇ ಮಾಡಿದ ಇಎಫ್‌ಬಿ ಅಥವಾ ಎಜಿಎಂ ಬ್ಯಾಟರಿ ಬೇಕು. ಅಗ್ಗ ಅಂತ ಮಾಮೂಲಿ ಬ್ಯಾಟರಿ ಹಾಕಿದರೆ ಬೇಗ ಸೋಲುತ್ತದೆ.

ವಾರಂಟಿ ಬಗ್ಗೆ ಒಂದು ಮಾತು. "ಮೂರು ವರ್ಷ ವಾರಂಟಿ ಇದೆಯಲ್ಲ, ತಾರೀಖು ಯಾಕೆ ನೋಡ್ತೀರಿ?" ಅಂತ ನನ್ನನ್ನು ಒಬ್ಬರು ಕೇಳಿದರು. ವಾರಂಟಿ ಸಾಮಾನ್ಯವಾಗಿ ಮಾರಿದ ದಿನದಿಂದ ಎಣಿಕೆಯಾಗುತ್ತದೆ, ನಿಜ. ಕಾರ್ಡಿನ ಮೇಲೆ ಸೀಲು, ತಾರೀಖು, ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಆದರೆ ಎಷ್ಟೋ ವಾರಂಟಿಗಳಲ್ಲಿ ಮೊದಲ ಕೆಲವು ತಿಂಗಳು ಮಾತ್ರ ಪೂರ್ತಿ ಬದಲಿ, ಆಮೇಲೆ ಬಳಸಿದ ದಿನ ಕಳೆದು ರಿಯಾಯಿತಿ ಮಾತ್ರ. ನನ್ನದೂ ಹಾಗೇ ಆಯಿತು. ಅದೂ ಅಲ್ಲದೆ, ನಡುದಾರಿಯಲ್ಲಿ ಕಾರು ನಿಂತ ಬೆಳಗನ್ನು ಯಾವ ವಾರಂಟಿಯೂ ವಾಪಸ್ ಕೊಡೋದಿಲ್ಲ.

ಹೊಸದು ಕೊಳ್ಳುವ ಮೊದಲು ತಪ್ಪು ಬ್ಯಾಟರಿಯದ್ದೇ ಹೌದಾ ಅಂತಲೂ ನೋಡಿಸಿ. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ ಸುಮಾರು 13.8ರಿಂದ 14.5 ವೋಲ್ಟ್ ಬರಬೇಕು. ಬರದಿದ್ದರೆ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್ ಕೆಟ್ಟಿರಬಹುದು, ಅದು ಹೊಸ ಬ್ಯಾಟರಿಯನ್ನೂ ಉಪವಾಸ ಕೆಡವುತ್ತದೆ. ಕೆಲವು ಸಲ ಟರ್ಮಿನಲ್ ಮೇಲಿನ ಬಿಳಿ ಪುಡಿ ಉಜ್ಜಿ ತೆಗೆದರೆ ಸಾಕು, ಕಾರು ಸ್ಟಾರ್ಟ್ ಆಗಿಬಿಡುತ್ತದೆ.

ಈ ಸಲ ನಾನು ಅಂಗಡಿಗೆ ಹೋದಾಗ ಮೊದಲು ತಂದು ತೋರಿಸಿದ್ದು ಎಂಟು ತಿಂಗಳ ಹಳೇದು. "ಇದಕ್ಕಿಂತ ಈಚೆಯದು ಇಲ್ವಾ?" ಅಂದೆ. ಹುಡುಗ ನನ್ನ ಮುಖ ನೋಡಿದ. ಮಾಲೀಕರು ಏನೂ ಬೇಸರ ಮಾಡಿಕೊಳ್ಳಲಿಲ್ಲ. "ಒಳಗಿಂದ ತಾ" ಅಂದರು. ಬಂದದ್ದು ಏಳು ವಾರದ್ದು. ಮೀಟರ್ ಹಿಡಿದರು, 12.71. ಅದೇ ರೇಟು, ಅದೇ ವಾರಂಟಿ, ಹತ್ತು ಹೆಜ್ಜೆ ಒಳಗಿತ್ತು ಅಷ್ಟೇ.

ಹುಡುಗ ಹಳೇದನ್ನು ಬಿಚ್ಚುವಾಗ ಮೊದಲು ಮೈನಸ್ ತೆಗೆದ, ಹೊಸದು ಹಾಕುವಾಗ ಮೊದಲು ಪ್ಲಸ್ ಬಿಗಿದ. ಕಾರಿನ ಬಾಡಿಯೇ ಮೈನಸ್ಸಿಗೆ ಸೇರಿರುತ್ತದೆ. ಮೈನಸ್ ಬಿಚ್ಚಿಟ್ಟಿದ್ದರೆ, ಪ್ಲಸ್ ಬಿಗಿಯುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೂ ಕಿಡಿ ಹಾರೋದಿಲ್ಲ. ಕೆಲಸ ಗೊತ್ತಿದ್ದ ಹುಡುಗ. ಹಳೇದನ್ನು ಅಲ್ಲೇ ಕೊಟ್ಟು ಬಂದೆ. ಅದರ ಸೀಸ ಕರಗಿ ಮತ್ತೊಂದು ಬ್ಯಾಟರಿಯಾಗುತ್ತದೆ, ಮನೆಯ ಮೂಲೆಯಲ್ಲಿಟ್ಟರೆ ವಿಷ. ಹೊಸದರ ಮೇಲೆ, ಅದನ್ನು ಕಾರಿಗೆ ಕೂರಿಸಿದ ತಾರೀಖನ್ನು ಮಾರ್ಕರಿನಲ್ಲಿ ದಪ್ಪಗೆ ಬರೆದೆ.

ಕೀ ತಿರುಗಿಸಿದೆ. ಒಂದೇ ಸಲಕ್ಕೆ ಎಂಜಿನ್ ಎದ್ದಿತು. ಬ್ಯಾಟರಿ ಬಿಚ್ಚಿದ್ದಕ್ಕೆ ಡ್ಯಾಶ್‌ಬೋರ್ಡಿನ ಗಡಿಯಾರ ಮಾತ್ರ ಎಲ್ಲ ಮರೆತು 12 ಗಂಟೆ ಅಂತ ಮಿಟುಕುತ್ತಿತ್ತು. ಅದನ್ನು ಸರಿ ಮಾಡೋದು ಹೇಗೆ ಅಂತ ಪುಸ್ತಕ ಹುಡುಕುತ್ತಿದ್ದೇನೆ, ಇನ್ನೂ ಸಿಕ್ಕಿಲ್ಲ. ಅಲ್ಲಿಯವರೆಗೂ ನನ್ನ ಕಾರಿನಲ್ಲಿ ಟೈಮ್ ಕೇಳಬೇಡಿ.

ನಮಸ್ಕಾರ.