ಕಿಟಕಿ ಮುಚ್ಚಿ ಗ್ಯಾಸ್ ಹಚ್ಚಬೇಡಿ

ಒಲೆ ಹಚ್ಚೋ ಮುಂಚೆ ಎಷ್ಟೋ ಮನೆಗಳಲ್ಲಿ ಮೊದಲು ಮಾಡೋ ಕೆಲಸ ಅಡುಗೆಮನೆ ಕಿಟಕಿ ಮುಚ್ಚೋದು. ಗಾಳಿಗೆ ಉರಿ ಓಲಾಡುತ್ತೆ, ಗ್ಯಾಸ್ ದಂಡವಾಗುತ್ತೆ ಅಂತ. ಇವತ್ತಿನ ನನ್ನ ತಕರಾರು ಈ ಅಭ್ಯಾಸದ ಮೇಲೆ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಸೌದೆ ಒಲೆಗಿಂತ ಎಲ್‌ಪಿಜಿ ಎಷ್ಟೋ ಪಾಲು ಮೇಲು. ಊದುಕೊಳವೆ ಹಿಡಿದು ಹೊಗೆಯಲ್ಲಿ ಕೂತ ಹೆಂಗಸರ ಕಣ್ಣು, ಎದೆ ಏನಾಯ್ತು ಅಂತ ನಮ್ಮೂರುಗಳಿಗೆ ಗೊತ್ತು. ಅಲ್ಲಿಗೆ ವಾಪಸ್ ಹೋಗೋ ಮಾತೇ ಇಲ್ಲ. ಆದರೆ ಸೌದೆ ಹೊಗೆ ಕಾಣ್ತಿತ್ತು, ಅದಕ್ಕೆ ಮಾಡಿನಲ್ಲಿ ದಾರಿ ಬಿಡ್ತಿದ್ರು. ಗ್ಯಾಸಿನದ್ದು ಕಾಣಲ್ಲ, ಹಾಗಾಗಿ ದಾರಿಯನ್ನೇ ಮುಚ್ಚಿಬಿಟ್ಟಿದ್ದೀವಿ.

ಉರಿ ಎಷ್ಟೇ ನೀಲಿಯಾಗಿರಲಿ, ಅದರ ಕಾವಿಗೆ ಗಾಳಿಯಲ್ಲಿರೋ ಸಾರಜನಕ ಆಮ್ಲಜನಕದ ಜೊತೆ ಕೂಡಿ ನೈಟ್ರೋಜನ್ ಡೈಆಕ್ಸೈಡ್ ಆಗುತ್ತೆ. ಇದು ಗ್ಯಾಸಿನ ಕಲಬೆರಕೆಯಿಂದ ಬರೋದಲ್ಲ. ದುಬಾರಿ ಸ್ಟವ್ ತಂದರೂ ತಪ್ಪಲ್ಲ. ಶ್ವಾಸನಾಳವನ್ನ ಕೆರಳಿಸುತ್ತೆ, ಉಬ್ಬಸ ಇರೋ ಮಕ್ಕಳಿಗೆ ಹೆಚ್ಚು ತೊಂದರೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದರ ವಾರ್ಷಿಕ ಮಿತಿಯನ್ನ ಘನ ಮೀಟರ್ ಗಾಳಿಗೆ 40 ಮೈಕ್ರೋಗ್ರಾಮ್‌ನಿಂದ 10ಕ್ಕೆ ಇಳಿಸಿತು.

ಹಳದಿ ಉರಿ ಬೇರೆ ಸಮಸ್ಯೆ. ಪಾತ್ರೆ ತಳಕ್ಕೆ ಮಸಿ ಹಿಡೀತಿದೆ ಅಂದ್ರೆ ಗ್ಯಾಸಿಗೆ ಸಾಕಷ್ಟು ಗಾಳಿ ಬೆರೀತಿಲ್ಲ. ಆಗ ಕಾರ್ಬನ್ ಮಾನಾಕ್ಸೈಡ್ ಹೆಚ್ಚುತ್ತೆ. ಹಾಲು ಉಕ್ಕಿ, ಗಂಜಿ ಸುರಿದು ಬರ್ನರ್ ತೂತು ಕಟ್ಟಿರುತ್ತೆ, ಇಲ್ಲಾ ಕೆಳಗಿನ ಕೊಳವೆಯಲ್ಲಿ ಧೂಳು, ಜೇಡರ ಬಲೆ ಇರುತ್ತೆ. ಬರ್ನರ್ ತಣ್ಣಗಾದ ಮೇಲೆ ತೆಗೆದು ಬಿಸಿನೀರು, ಸೋಪಿನಲ್ಲಿ ಅರ್ಧ ಗಂಟೆ ನೆನೆಸಿ, ಪಿನ್ನಿನಿಂದ ಒಂದೊಂದೇ ತೂತು ಬಿಡಿಸಿ, ಪೂರ್ತಿ ಒಣಗಿಸಿ ಇಡಿ. ಒದ್ದೆ ಬರ್ನರ್ ಸರಿಯಾಗಿ ಉರಿಯಲ್ಲ. ಆಮೇಲೂ ಹಳದಿ ಬಂದ್ರೆ ಮೆಕ್ಯಾನಿಕ್ ಕರೀರಿ, ಬರ್ನರ್‌ಗೆ ಗ್ಯಾಸ್ ಬಿಡೋ ಸಣ್ಣ ತೂತಿನ ಜೆಟ್ಟಿಗೆ ನೀವು ಪಿನ್ ಹಾಕಬೇಡಿ. ತೂತು ದೊಡ್ಡದಾದ್ರೆ ಗ್ಯಾಸ್ ಜಾಸ್ತಿ ಬಂದು ಉರಿ ಇನ್ನೂ ಕೆಡುತ್ತೆ.

ಇದೇ ಕಾರ್ಬನ್ ಮಾನಾಕ್ಸೈಡ್ ಬಚ್ಚಲಿನ ಗ್ಯಾಸ್ ಗೀಸರ್‌ನಿಂದ ಜೀವ ತೆಗೆದಿದೆ. ವಾಸನೆ ಇಲ್ಲ, ತಲೆ ತಿರುಗೋ ಹೊತ್ತಿಗೆ ಬಾಗಿಲು ತೆಗೆಯೋ ಶಕ್ತಿ ಇರಲ್ಲ. ಗೀಸರ್ ಬಚ್ಚಲ ಹೊರಗೆ, ತೆರೆದ ಜಾಗದಲ್ಲೇ ಇರಬೇಕು. ಇದರಲ್ಲಿ ರಾಜಿ ಬೇಡ.

ಅಡುಗೆಮನೆಗೆ ಬರೋಣ. ಎಕ್ಸಾಸ್ಟ್ ಫ್ಯಾನ್ ಒಲೆ ಹತ್ತಿರ, ಗೋಡೆಯ ಮೇಲ್ಭಾಗದಲ್ಲಿರಲಿ. ಎದುರಿನ ಕಿಟಕಿ ಇಲ್ಲಾ ಬಾಗಿಲಿನಿಂದ ಹೊಸ ಗಾಳಿ ಬರಲೇಬೇಕು. ಎಲ್ಲಾ ಮುಚ್ಚಿದ ಕೋಣೆಯಲ್ಲಿ ಫ್ಯಾನ್ ಬರೀ ಸದ್ದು ಮಾಡುತ್ತೆ. ಉರಿ ಹಚ್ಚೋ ಮೊದಲೇ ಹಾಕಿ, ಆರಿಸಿದ ಮೇಲೆ ಇನ್ನೊಂದು ಹತ್ತು ನಿಮಿಷ ಬಿಡಿ. ಗಾಳಿ ನೇರ ಉರಿಗೆ ಹೊಡೆದ್ರೆ ಸ್ಟವ್ ಜಾಗ ಬದಲಿಸಿ. ಚಿಮಣಿ ಕೊಳ್ಳೋರು ಪೈಪು ಹೊರಗೆ ಹೋಗುತ್ತಾ ಅಂತ ಮೊದಲು ಕೇಳಿ. ಪೈಪಿಲ್ಲದ ಚಿಮಣಿ ಎಣ್ಣೆ ಜಿಡ್ಡು ಹಿಡಿದು, ಅದೇ ಗಾಳಿಯನ್ನ ನಿಮ್ಮ ಮುಖಕ್ಕೇ ವಾಪಸ್ ಬಿಡುತ್ತೆ.

ಹಾಗಾದ್ರೆ ಕರೆಂಟಿನ ಇಂಡಕ್ಷನ್ ಒಲೆ ತಂದ್ರೆ ಮುಗೀತಾ? ಉರಿಯ ಅನಿಲಗಳು ಹೋಗುತ್ತವೆ, ಅದು ದೊಡ್ಡ ಲಾಭ. ಒಗ್ಗರಣೆ ಘಾಟು, ಕರಿಯೋ ಎಣ್ಣೆ ಹೊಗೆ ಹೋಗಲ್ಲ. ಫ್ಯಾನ್ ಅಲ್ಲೂ ಬೇಕು.

ಪರಿಸರದ ಲೆಕ್ಕ ಇನ್ನೂ ಸಿಕ್ಕು. 14.2 ಕೆಜಿ ಸಿಲಿಂಡರ್‌ನಲ್ಲಿ, ಕರೆಂಟಿನ ಲೆಕ್ಕದಲ್ಲಿ ಹೇಳಿದ್ರೆ, ಸುಮಾರು 180 ಯೂನಿಟ್ ಶಕ್ತಿ ಇದೆ. ಸ್ಟವ್ ಅದರಲ್ಲಿ ನೂರಕ್ಕೆ 68ರಷ್ಟು ಪಾತ್ರೆಗೆ ಮುಟ್ಟಿಸುತ್ತೆ ಅಂತಿಟ್ಟುಕೊಳ್ಳಿ. ಇಂಡಕ್ಷನ್‌ನಲ್ಲೂ ಸ್ವಲ್ಪ ಪೋಲಾಗುತ್ತೆ, ಹಾಗಾಗಿ ಅಷ್ಟೇ ಅಡುಗೆಗೆ ಅದಕ್ಕೆ ಸುಮಾರು 145 ಯೂನಿಟ್ ಬೇಕು. ಸಿಲಿಂಡರ್ ಉರಿದಾಗ ಬರೋ ಇಂಗಾಲದ ಡೈಆಕ್ಸೈಡ್ 42 ಕೆಜಿ ಆಸುಪಾಸು. ದೇಶದ ಗ್ರಿಡ್‌ನಲ್ಲಿ, ಅಂದ್ರೆ ಎಲ್ಲಾ ಕಡೆಯ ಕರೆಂಟು ಕೂಡೋ ಜಾಲದಲ್ಲಿ, ಕಲ್ಲಿದ್ದಲ ಪಾಲು ದೊಡ್ಡದು, ಯೂನಿಟ್ಟಿಗೆ 0.7 ಕೆಜಿ ಅಂತ ಹಿಡಿದ್ರೂ 145 ಯೂನಿಟ್ಟಿಗೆ 100 ಕೆಜಿ ದಾಟುತ್ತೆ. ಶರಾವತಿಯ ಜಲವಿದ್ಯುತ್, ಪಾವಗಡದ ಸೋಲಾರ್ ನಮ್ಮಲ್ಲೇ ಇದ್ದರೂ ತಂತಿಯಲ್ಲಿ ಬರೋದು ಎಲ್ಲಾ ಬೆರೆತ ಕರೆಂಟು. ಅಂದ್ರೆ ಇವತ್ತಿಗೆ ಇಂಡಕ್ಷನ್ ನಿಮ್ಮ ಎದೆಗೆ ಒಳ್ಳೇದು, ಆಕಾಶಕ್ಕೆ ಇನ್ನೂ ಅಲ್ಲ. ಮಾಡಿನ ಮೇಲೆ ಸೋಲಾರ್ ಇದ್ದು ಹಗಲಲ್ಲಿ ಬೇಯಿಸೋರ ಲೆಕ್ಕ ಬೇರೆ.

ನನ್ನ ಅಭಿಪ್ರಾಯ ಕೇಳಿದ್ರೆ, ಒಲೆ ಬದಲಿಸೋದಕ್ಕಿಂತ ಮೊದಲು ಕೆಲಸ ಹಂಚಿ. ನೀರು ಕಾಯಿಸೋದು, ಹಾಲು, ಬೇಳೆ, ಅನ್ನ ಇಂಡಕ್ಷನ್‌ಗೆ ಕೊಡಿ. ಹೆಚ್ಚು ಹೊತ್ತು ಉರಿ ಬೇಡೋವು ಅವೇ. ಕಬ್ಬಿಣದ ಕಾವಲಿ ದೋಸೆ, ಬದನೆಕಾಯಿ ಸುಡೋದು ಗ್ಯಾಸಿನ ಮೇಲಿರಲಿ. ಅಕ್ಕಿ, ಬೇಳೆಯನ್ನ ಅರ್ಧ ಗಂಟೆ ನೆನೆಹಾಕಿದ್ರೆ ಎರಡೂ ಕಡೆ ಉಳಿತಾಯ.

ಕೊಳ್ಳೋ ಮೊದಲು ಪಾತ್ರೆ ತಳಕ್ಕೆ ಆಯಸ್ಕಾಂತ ಇಟ್ಟು ನೋಡಿ. ಅಂಟದಿದ್ರೆ ಕೆಲಸ ಮಾಡಲ್ಲ, ಬರೀ ಅಲ್ಯೂಮಿನಿಯಂ ಕುಕ್ಕರ್ ನಡೆಯಲ್ಲ. 2000 ವಾಟಿನ ಇಂಡಕ್ಷನ್ ಸುಮಾರು 9 ಆಂಪಿಯರ್ ಎಳೆಯುತ್ತೆ. ಮಿಕ್ಸಿ ಹಾಕೋ 6 ಆಂಪಿಯರ್ ಪ್ಲಗ್ಗಿಗೆ ಹಾಕಿದ್ರೆ ಸಾಕೆಟ್ ಕರಗಬಹುದು, 16 ಆಂಪಿಯರ್ ಪಾಯಿಂಟ್ ಬೇಕು. ಗೃಹ ಜ್ಯೋತಿ ಇರೋರು ಇನ್ನೊಂದು ನೋಡಿಕೊಳ್ಳಿ: ಉಚಿತ ಯೂನಿಟ್ ನಿಂತಿರೋದು ನಿಮ್ಮ ಹಳೇ ಸರಾಸರಿ ಬಳಕೆಯ ಮೇಲೆ, ಮತ್ತೆ ತಿಂಗಳಿಗೆ 200 ದಾಟಿದ್ರೆ ಪೂರ್ತಿ ಬಿಲ್ಲು ನಿಮ್ಮದೇ. ಮೊದಲ ತಿಂಗಳು ವಾರಕ್ಕೊಮ್ಮೆ ಮೀಟರ್ ರೀಡಿಂಗ್ ಬರೆದಿಡಿ, ಆಮೇಲೆ ಯಾವ ಅಡುಗೆ ಯಾವ ಒಲೆಗೆ ಅಂತ ತೀರ್ಮಾನ ಮಾಡಿ.