ಶತ್ರುವಿನ ಪಕ್ಕ ಬಂದರೆ ನಿಲ್ಲಲೇಬೇಕು

ನಮಸ್ಕಾರ. ಮಡಿಕೇರಿಯಲ್ಲಿ ಕುಳಿತು ಮಾತನಾಡುತ್ತಿದ್ದೇನೆ. ಹಿಂದಿನಿಂದ ಕೇಳಿಸುವ ಸದ್ದು ಕಕ್ಕಡದ, ಅಂದರೆ ಕೊಡಗಿನ ಮಳೆಗಾಲದ ತಿಂಗಳ, ಮಳೆಯದು, ಸ್ವಲ್ಪ ಸಹಿಸಿಕೊಳ್ಳಿ. ಈ ತಿಂಗಳಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು. ಆಗ ಒಂದೇ ಮೊಬೈಲನ್ನು ಇಬ್ಬರು ಕೈಯಿಂದ ಕೈಗೆ ದಾಟಿಸುತ್ತಾ ಸರದಿಯ ಪ್ರಕಾರ ಆಡುವ ಯುದ್ಧದಾಟಗಳಿಗೆ ಒಳ್ಳೆಯ ಕಾಲ. ಆ ಆಟಗಳಲ್ಲಿ ಎಲ್ಲರಿಂದ ಬೈಸಿಕೊಳ್ಳುವ ಒಂದು ನಿಯಮದ ಪರವಾಗಿ ಇವತ್ತು ವಾದಿಸುತ್ತೇನೆ.

ಕುದುರೆ ಸವಾರನಿಗೆ ಎಂಟು ನಡೆ ಇದೆ ಎಂದುಕೊಳ್ಳಿ. ಎರಡೇ ನಡೆ ಬಳಸಿದ್ದಾನೆ. ಎದುರಾಳಿಯ ಈಟಿಗಾರನ ಪಕ್ಕದ ಮನೆಗೆ ಕಾಲಿಟ್ಟ ಕೂಡಲೇ ಉಳಿದ ಆರೂ ಸೊನ್ನೆ. ಇದೇ ಝೋನ್ ಆಫ್ ಕಂಟ್ರೋಲ್, ಅಂದರೆ ಹಿಡಿತದ ವಲಯ. ಹೊಸಬರಿಗೆ ಇದು ಅನ್ಯಾಯವೆನಿಸುತ್ತದೆ. ನನಗೆ ಇದೇ ಆಟದ ಜೀವಾಳ.

ಕಾರಣ ಸರಳ. ಸರದಿಯಾಟದಲ್ಲಿ ಒಂದು ದೊಡ್ಡ ಸುಳ್ಳು ಅಡಗಿದೆ: ನಾನು ನಡೆಸುವಷ್ಟು ಹೊತ್ತು ನಿಮ್ಮ ಸೈನಿಕರು ಕಲ್ಲಿನ ಬೊಂಬೆಗಳಂತೆ ನಿಂತಿರುತ್ತಾರೆ. ನಿಜವಾದ ರಣರಂಗದಲ್ಲಿ ಕೈಯಳತೆಯಲ್ಲೇ ನುಸುಳುವ ವೈರಿಯನ್ನು ಕಂಡೂ ಸುಮ್ಮನಿರುವ ಕಾವಲುಗಾರ ಯಾರಿದ್ದಾನೆ? ಆ ಸುಳ್ಳನ್ನು ಸರಿಪಡಿಸುವುದಕ್ಕಾಗಿಯೇ ಈ ತಡೆ ಬೇಕು. ಕಂಪ್ಯೂಟರಿಗೆ ಬರುವ ಮೊದಲೇ, 1960ರ ದಶಕದಲ್ಲಿ ಅಮೆರಿಕದ ಅವಲಾನ್ ಹಿಲ್ ಕಂಪನಿಯ ಬೋರ್ಡ್ ಆಟಗಳಲ್ಲಿ ಇದು ಬೇರೂರಿತ್ತು.

ನಮ್ಮ ಗುಡ್ಡಗಾಡುಗಳಲ್ಲಿ ಇಂದಿಗೂ ಉಳಿದಿರುವ ಕಡಂಗಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಳದ ಕಂದಕ, ಪಕ್ಕದಲ್ಲೇ ಮಣ್ಣಿನ ದಿಬ್ಬ. ದಾಟಲು ಬಂದವನು ಅಲ್ಲಿ ನಿಧಾನಿಸಲೇಬೇಕು, ಆ ಹೊತ್ತಿನಲ್ಲಿ ಒಳಗಿನವರು ಸಜ್ಜಾಗುತ್ತಾರೆ. 1834ರ ಏಪ್ರಿಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ದಳಗಳಾಗಿ ಒಡೆದು ಬೇರೆ ಬೇರೆ ದಿಕ್ಕುಗಳಿಂದ ಕೊಡಗಿಗೆ ನುಗ್ಗಿದಾಗ, ಉತ್ತರದಿಂದ ಬಂದ ದಳವನ್ನು ಕೊಡಗಿನವರು ಬಕ್ಕ ಎಂಬಲ್ಲಿನ ತಡೆಗೋಡೆಯಲ್ಲಿ ಹಿಮ್ಮೆಟ್ಟಿಸಿದರು. ಆದರೂ ಮತ್ತೊಂದು ದಿಕ್ಕಿನಿಂದ ಬಂದವರು ಮಡಿಕೇರಿ ತಲುಪಿದರು. ತಡೆ ಎಷ್ಟೇ ಗಟ್ಟಿಯಾಗಿದ್ದರೂ ಕಾಯುವುದು ತನ್ನ ಆಸುಪಾಸನ್ನು ಮಾತ್ರ. ಎಷ್ಟು ದೂರಕ್ಕೊಂದು ತಡೆ ಬೇಕು ಎಂಬ ಲೆಕ್ಕದಲ್ಲೇ ಸೋಲು ಗೆಲುವು.

ಆ ಲೆಕ್ಕವನ್ನು ಬಿಡುಗಣ್ಣಿನಿಂದ ನೋಡಬೇಕೆಂದರೆ ಬ್ಯಾಟಲ್ ಫಾರ್ ವೆಸ್ನಾತ್ ಎಂಬ ಸರದಿಯಾಟ ಆಡಿ. ಭೂಪಟದ ತುಂಬ ಆರು ಮೂಲೆಯ ಮನೆಗಳು. ಒಂದನೆಯ ಮಟ್ಟದ ಅಥವಾ ಅದಕ್ಕಿಂತ ಮೇಲಿನ ಪ್ರತಿ ಸೈನಿಕನೂ ಸುತ್ತಲಿನ ಆರು ಮನೆಗಳನ್ನು ಹಿಡಿದಿರುತ್ತಾನೆ. ಈಗ ಒಂದೇ ಸಾಲಿನಲ್ಲಿ ಮೂವರನ್ನು ನಿಲ್ಲಿಸಿ, ಇಬ್ಬರ ನಡುವೆ ಎರಡೆರಡು ಮನೆ ಖಾಲಿ ಬಿಡಿ. ಆ ಎರಡರಲ್ಲಿ ಒಂದು ಎಡಗಡೆಯವನ ಹಿಡಿತದಲ್ಲಿ, ಇನ್ನೊಂದು ಬಲಗಡೆಯವನ ಹಿಡಿತದಲ್ಲಿ. ಎರಡೂ ಅಂಚುಗಳಲ್ಲಿ ಒಂದೊಂದು ಸೇರಿಸಿದರೆ ಮೂವರೇ ಒಂಬತ್ತು ಮನೆ ಅಗಲದ ದಾರಿಯನ್ನು ಕಾಯುತ್ತಾರೆ. ವೈರಿ ಈ ಸರದಿಯಲ್ಲಿ ದಾಟಲಾರ. ಮುಂದಿನ ಸರದಿಯಲ್ಲಿ ನಡುವಿನಿಂದ ಹಿಂಬದಿಗೆ ಜಾರಬಲ್ಲ, ಆದರೆ ಅಷ್ಟರಲ್ಲಿ ನಿಮಗೊಂದು ಸರದಿ ಸಿಕ್ಕಿರುತ್ತದೆ. ಖಾಲಿ ಮನೆ ಎರಡರ ಬದಲು ಮೂರಾಯಿತೋ, ನಡುವಿನದು ಯಾರ ಹಿಡಿತದಲ್ಲೂ ಇಲ್ಲ. ಅಲ್ಲಿಗೆ ನೇರವಾಗಿ ಬರುವ ದಾರಿಯಿದ್ದರೆ ಸವಾರ ನಿಲ್ಲದೆ ಒಳನುಗ್ಗುತ್ತಾನೆ. ಒಂದೇ ಮನೆಯ ವ್ಯತ್ಯಾಸ! ಬಾವಲಿಯಂತಹ ಸೊನ್ನೆ ಮಟ್ಟದ ಜೀವಿಯನ್ನು ಆ ಸಾಲಿಗೆ ತುಂಬಿದರೂ ಅದಕ್ಕೆ ಹಿಡಿತವೇ ಇರುವುದಿಲ್ಲ.

ಎಲ್ಲ ಆಟಗಳ ತಡೆಯೂ ಇಷ್ಟು ಚೆನ್ನಾಗಿಲ್ಲ. 1991ರ ಸಿವಿಲೈಸೇಶನ್‌ನಲ್ಲಿ ಒಬ್ಬ ವೈರಿಯ ಪಕ್ಕದ ಚೌಕದಿಂದ ವೈರಿಯ ಪಕ್ಕದ ಇನ್ನೊಂದು ಚೌಕಕ್ಕೆ ಸಾಮಾನ್ಯ ಪಡೆ ನೇರವಾಗಿ ಹೋಗುವಂತೆಯೇ ಇರಲಿಲ್ಲ. ಅದು ಅತಿಯಾಯಿತು. ನಿಲ್ಲಿಸುವುದು ಬೇರೆ, ನಿಷೇಧಿಸುವುದು ಬೇರೆ. ನಿಂತವನು ನಾಳೆ ಹೊರಡಬಹುದು, ನಿಷೇಧಕ್ಕೆ ಸಿಕ್ಕವನಿಗೆ ಹೋರಾಡುವುದು ಅಥವಾ ಹಿಂದಿರುಗುವುದು ಬಿಟ್ಟು ಬೇರೆ ದಾರಿಯಿಲ್ಲ. 2010ರ ಐದನೆಯ ಆವೃತ್ತಿ ಇದನ್ನು ಮೆದುವಾಗಿಸಿತು: ಹೋಗಬಹುದು, ಆದರೆ ಉಳಿದ ನಡೆಗಳೆಲ್ಲ ಖರ್ಚು. 2016ರ ಆರನೆಯದರಲ್ಲಿ ಅಶ್ವದಳಕ್ಕೆ ಈ ತಡೆಯೇ ಇಲ್ಲ. ಇಡೀ ಅಶ್ವದಳಕ್ಕೆ ಕೊಟ್ಟ ಈ ರಿಯಾಯಿತಿ ನನಗೆ ಒಪ್ಪಿಗೆಯಿಲ್ಲ. ವೆಸ್ನಾತ್‌ನಲ್ಲಿ ಕತ್ತಿವರಸೆಯ ಫೆನ್ಸರ್‌ನಂತಹ ಕೆಲವರಿಗಷ್ಟೇ ನುಸುಳುವ ವಿದ್ಯೆ ಇದೆ. ಹಾಗಾಗಿಯೇ ಅವನು ಬಂದನೆಂದರೆ ಎದೆ ಝಲ್ಲೆನ್ನುತ್ತದೆ.

ಅಡ್ವಾನ್ಸ್ ವಾರ್ಸ್‌ನಲ್ಲಿ ಈ ನಿಯಮವೇ ಇಲ್ಲ. ದಾರಿ ಮುಚ್ಚಬೇಕಾದರೆ ಮೈಗೆ ಮೈ ತಾಗಿಸಿ ನಿಲ್ಲಿಸಬೇಕು. ಒಳ್ಳೆಯ ಆಟವೇ, ಅನುಮಾನವಿಲ್ಲ. ಆದರೆ ಮೂವರು ಒಂಬತ್ತು ಮನೆ ಕಾಯುವ ಸೊಗಸು ಅಲ್ಲಿ ಸಿಗದು.

ಆಟ ಕಟ್ಟುವ ಕನ್ನಡದ ಹುಡುಗ ಹುಡುಗಿಯರು ಕೇಳುತ್ತಿದ್ದರೆ ಒಂದು ಬೇಡಿಕೆ. ತಡೆಯನ್ನು ಇಡಿ, ಆದರೆ ಬಚ್ಚಿಡಬೇಡಿ. ಸೈನಿಕನನ್ನು ಆರಿಸಿದ ತಕ್ಷಣ ಅವನು ತಲುಪಬಲ್ಲ ಮನೆಗಳು ಬೆಳಗಬೇಕು, ಉಳಿದವು ಮಬ್ಬಾಗಬೇಕು, ತಡೆಯ ಲೆಕ್ಕವೂ ಅದರಲ್ಲೇ ಸೇರಿರಬೇಕು. ವೆಸ್ನಾತ್ ಹಾಗೆಯೇ ಮಾಡುತ್ತದೆ. ಅದರ ಕೋಡ್ ಎಲ್ಲರಿಗೂ ಮುಕ್ತವಾಗಿದೆ, ತೆರೆದು ಓದಿ.